ಇಗರ್ಜಿ ಶಾಲೆಯ ಶುಲ್ಕ ಮತ್ತು ವಂತಿಗೆ

ಪ್ರಾಥಮಿಕ ವಿದ್ಯೆಯು ನಿಃಶುಲ್ಕವಾಗಿ ದೊರೆಯಬೇಕೆಂಬ ತತ್ತ್ವವನ್ನು ಇಂದು ಬಹಿರಂಗವಾಗಿ ಅಲ್ಲಗಳೆಯುವವರು ಯಾರೂ ಇಲ್ಲ. ಆದರೆ ನಿಃಶುಲ್ಕವೆನಿಸಿಕೊಂಡ ಪ್ರತಿಯೊಂದು ಶಾಲೆಯ ಹಿಂದೆಯೂ ಯಾರೋ ಒಬ್ಬರು ದ್ರವ್ಯವನ್ನೋ ದೇಹಶ್ರಮವನ್ನೋ, ಕೆಲವೊಮ್ಮೆ ತಮ್ಮ ಆಯುಸ್ಸನ್ನೇ ಸುರಿದಿರುತ್ತಾರೆಂಬುದನ್ನು ಮಾತ್ರ ನಾವು ಬಹು ಸುಲಭವಾಗಿ ಮರೆತುಬಿಡುತ್ತೇವೆ. ಶಾಲೆಯ ವೆಚ್ಚವನ್ನು ಮಗುವಿನ ತಂದೆತಾಯಿಗಳು ಭರಿಸಬೇಕೋ, ಅವರು ಸೇರಿದ ಸಮುದಾಯವು ಭರಿಸಬೇಕೋ, ಪಾಠ ಹೇಳುವವರೇ ಹೊಟ್ಟೆ ಕಟ್ಟಿ ಭರಿಸಬೇಕೋ, ಅಥವಾ ಸರಕಾರವು ಭರಿಸಬೇಕೋ ಎಂಬ ಪ್ರಶ್ನೆಯನ್ನು ಕಥೋಲಿಕ ಧರ್ಮಸಭೆಯ ಪ್ರಾಥಮಿಕ ಶಾಲೆಗಳಷ್ಟು ದೀರ್ಘಕಾಲ, ಅಷ್ಟು ದೇಶಗಳಲ್ಲಿ, ಅಷ್ಟು ಬಗೆಯಾಗಿ ಪ್ರಯೋಗಕ್ಕೆ ಒಡ್ಡಿದ ಸಂಸ್ಥೆಗಳು ವಿರಳ. ಈ ನಾಲ್ವರಲ್ಲಿ ಒಬ್ಬರು ಹೆಗಲು ಜಾರಿಸಿದಾಗಲೆಲ್ಲ ಆ ಭಾರವು ಉಳಿದವರ ಮೇಲೆ, ಅದರಲ್ಲಿಯೂ ಮಗುವನ್ನು ಶಾಲೆಗೆ ಸೇರಿಸಲು ಬಂದ ಎಳೆಯ ದಂಪತಿಗಳ ಮೇಲೆ, ಹೇಗೆ ಸರಿಯುತ್ತ ಬಂದಿತೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

17ನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ರೀಮ್ಸ್ ನಗರದಲ್ಲಿ ಶ್ರೀಮಂತ ಮನೆತನದಲ್ಲಿ ಹುಟ್ಟಿ ಧರ್ಮಗುರುವಾದ ಜಾನ್ ಬ್ಯಾಪ್ಟಿಸ್ಟ್ ಡಿ ಲಾ ಸಾಲ್, ಹೊಟ್ಟೆಗಿಲ್ಲದ ಬಡ ಉಪಾಧ್ಯಾಯರನ್ನು ತಮ್ಮ ಮನೆಗೇ ಕರೆತಂದು ಇರಿಸಿಕೊಂಡು, ಕ್ಷಾಮಕಾಲದಲ್ಲಿ ಪಿತ್ರಾರ್ಜಿತವನ್ನೆಲ್ಲ ಹಸಿದವರಿಗೆ ಹಂಚಿ ಬರಿಗೈಯಾಗಿ, ತಾವು ಕಟ್ಟಿದ ಸಹೋದರ ಸಂಘದ ಶಾಲೆಗಳಲ್ಲಿ ಯಾವ ಮಗುವಿನಿಂದಲೂ ಕಾಸನ್ನು ಸ್ವೀಕರಿಸತಕ್ಕದ್ದಲ್ಲವೆಂದು ಕಟ್ಟಳೆ ಮಾಡಿದರು. ಅವರಿಗೆ ಎದುರಾಳಿಗಳಾಗಿ ನಿಂತವರು ನಾಸ್ತಿಕರಲ್ಲ. ಶುಲ್ಕದಿಂದಲೇ ಜೀವನ ಸಾಗಿಸುತ್ತಿದ್ದ ಪ್ಯಾರಿಸಿನ ಅಕ್ಷರೋಪಾಧ್ಯಾಯರ ಶ್ರೇಣಿ. ಕೊಡಬಲ್ಲವರ ಮಕ್ಕಳನ್ನೂ ಇವರು ಉಚಿತವಾಗಿ ಸೇರಿಸಿಕೊಂಡು ತಮ್ಮ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾರೆಂದು ಅವರು ನ್ಯಾಯಸ್ಥಾನಕ್ಕೆ ದೂರಿತ್ತರು. ಬಡವರೆಂದು ಗೊತ್ತಾದವರನ್ನಲ್ಲದೆ ಇತರರನ್ನು ಸೇರಿಸಕೂಡದೆಂದು 18ನೆಯ ಶತಮಾನದ ಆರಂಭದಲ್ಲಿ ಸಾಲ್ ಅವರಿಗೆ ವಿರುದ್ಧವಾಗಿ ತೀರ್ಪೂ ಆಯಿತು. ಬಡತನವನ್ನು ರುಜುವಾತುಪಡಿಸಿದವನಿಗೆ ಮಾತ್ರ ಉಚಿತವೆಂಬ ವಾದ ಅಂದಿನಿಂದ ಇಂದಿನವರೆಗೂ ಸತ್ತಿಲ್ಲ. ಆದಾಯ ಪ್ರಮಾಣಪತ್ರಕ್ಕಾಗಿ ನಾಡಕಚೇರಿಯ ಮುಂದೆ ಸಾಲು ನಿಂತವರನ್ನು ಕಂಡಾಗಲೆಲ್ಲ ಪ್ಯಾರಿಸಿನ ಆ ಉಪಾಧ್ಯಾಯರೇ ಗೆದ್ದರೇನೋ ಎಂದು ನನಗೆ ಅನಿಸುವುದುಂಟು.

ಈ ವಾದವು ನಮ್ಮ ದೇಶಕ್ಕೆ ಬರುವಷ್ಟರಲ್ಲಿ ತಿರುವುಮುರುವಾಗಿತ್ತು. 1854ರಲ್ಲಿ ಚಾರ್ಲ್ಸ್ ವುಡ್ ಕಳುಹಿದ ಶಿಕ್ಷಣ ನಿರೂಪವು ಖಾಸಗಿ ಶಾಲೆಗಳಿಗೆ ಸರಕಾರದ ಅನುದಾನವನ್ನು ನೀಡುವ ಪದ್ಧತಿಗೆ ತಳಹದಿ ಹಾಕಿತೆಂಬುದು ಎಲ್ಲರೂ ಬಲ್ಲ ಸಂಗತಿ; ಆದರೆ ಎಷ್ಟೇ ಅಲ್ಪವಾಗಿರಲಿ, ಮಕ್ಕಳಿಂದ ಏನಾದರೊಂದು ಶುಲ್ಕವನ್ನು ವಸೂಲು ಮಾಡುವ ಶಾಲೆಗಳಿಗೆ ಮಾತ್ರವೇ ಸಾಮಾನ್ಯವಾಗಿ ಅನುದಾನ ಸಲ್ಲಬೇಕೆಂದು ಅದೇ ನಿರೂಪವು ವಿಧಿಸಿತ್ತೆಂಬುದನ್ನು ಬಲ್ಲವರು ಕಡಿಮೆ. ಪುಕ್ಕಟೆಯಾಗಿ ಬಂದದ್ದಕ್ಕೆ ಬೆಲೆಯಿರದು, ಕಾಸು ಕೊಟ್ಟ ತಂದೆ ಮಗನನ್ನು ತಪ್ಪದೆ ಶಾಲೆಗೆ ಅಟ್ಟುವನು ಎಂಬುದು ಅದರ ತರ್ಕ. ಉಚಿತವಾಗಿ ಕಲಿಸಲು ಸಿದ್ಧವಿದ್ದ ಸಂಸ್ಥೆಯೂ ಸರಕಾರದ ನೆರವು ಬೇಕೆಂದರೆ ಮೊದಲು ಬಡವನ ಕೈಯಿಂದ ಒಂದೆರಡಾಣೆಯನ್ನು ಎಣಿಸಿಕೊಳ್ಳಬೇಕಾಯಿತು. ಶುಲ್ಕವೆಂಬುದು ಕೇವಲ ಹಣದ ಅಗತ್ಯದಿಂದ ಹುಟ್ಟಿದ್ದಲ್ಲ, ಅದೊಂದು ಶಿಸ್ತಿನ ಉಪಕರಣವೂ ಆಗಿತ್ತೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ಕೆಲವು ವಿಚಿತ್ರಗಳು ಅರ್ಥವಾಗುತ್ತವೆ.

ಇದಕ್ಕೆ ಸಂಪೂರ್ಣ ಭಿನ್ನವಾದ ಮಾರ್ಗವೊಂದು ಅದೇ ಕಾಲದಲ್ಲಿ ಕೇರಳದಲ್ಲಿ ತೆರೆದುಕೊಂಡಿತು. 1846ರಲ್ಲಿಯೇ ಮಾನ್ನಾನಂನಲ್ಲಿ ಸಂಸ್ಕೃತ ಪಾಠಶಾಲೆಯೊಂದನ್ನು ತೆರೆದಿದ್ದ ಚಾವರ ಕುರಿಯಾಕೋಸ್ ಏಲಿಯಾಸ್ ಅವರು, 1860ರ ದಶಕದಲ್ಲಿ ಸಿರಿಯನ್ ಕಥೋಲಿಕರ ವಿಕಾರ್ ಜನರಲ್ ಆಗಿದ್ದಾಗ, ಪ್ರತಿಯೊಂದು ದೇವಾಲಯದ ಮಗ್ಗುಲಲ್ಲಿಯೂ ಒಂದು ಶಾಲೆ ಏಳಬೇಕೆಂದು ಆಜ್ಞಾಪತ್ರ ಹೊರಡಿಸಿದರು. ಶಾಲೆಗೆ ಬಂದ ಬಡ ಮಕ್ಕಳು ಮಧ್ಯಾಹ್ನ ಹಸಿದು ಕೂರಬಾರದೆಂದು, ಪ್ರತಿ ಮನೆಯಲ್ಲಿಯೂ ಅಡುಗೆಗೆ ಅಕ್ಕಿ ಅಳೆಯುವ ಹೊತ್ತಿಗೆ ಗೃಹಿಣಿಯು ಒಂದು ಹಿಡಿಯನ್ನು ಬೇರೆ ತೆಗೆದಿರಿಸುವ ಪಿಡಿಯರಿ ಎಂಬ ವಾಡಿಕೆಯನ್ನು ಬಳಕೆಗೆ ತಂದರು. ಆ ಹಿಡಿ ಅಕ್ಕಿಯನ್ನು ಕೊಟ್ಟವಳಿಗೆ ಶಾಲೆಗೆ ಹೋಗುವ ಮಕ್ಕಳಿರಬೇಕೆಂದೇನೂ ಇರಲಿಲ್ಲ. ಮಕ್ಕಳಿಲ್ಲದವಳೂ, ಮಕ್ಕಳು ಬೆಳೆದು ಮನೆಬಿಟ್ಟು ಹೋದವಳೂ ಸಮಾನವಾಗಿ ಕೊಟ್ಟಳು. ಮನೆಮನೆಯ ವಂತಿಗೆ ಅಲ್ಲಿ ಯಾರೊಬ್ಬರ ಮಗುವಿನ ಲೆಕ್ಕಕ್ಕೂ ಜಮೆಯಾಗಲಿಲ್ಲ. ಊರಿನ ಸಾಮುದಾಯಿಕ ಋಣವಾಗಿಯೇ ಸಂದಿತು. ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ಬಲಿಪೂಜೆಯ ಬಳಿಕ ಇಗರ್ಜಿಯ ಅಂಗಳದಲ್ಲಿ ನಡೆಯುವ ಏಲಂ ಇದರ ಸಮೀಪದ ಬಂಧು. ಯಾರೋ ತಂದೊಪ್ಪಿಸಿದ ಹಲಸಿನಹಣ್ಣೊಂದನ್ನು ಅಂಗಡಿಯ ಬೆಲೆಯ ಹತ್ತು ಪಾಲಿಗೆ ಕೂಗಿ ಪಡೆದಾತನು ಅದನ್ನು ಮನೆಗೆ ಒಯ್ಯದೆ ಮತ್ತೆ ಏಲಂಗೇ ಇಡುವನು. ಎರಡನೆಯ ಸಲ ಪಡೆದವನೂ ಹಾಗೆಯೇ ಮಾಡಿದರೆ, ಮಧ್ಯಾಹ್ನದೊಳಗೆ ಒಂದೇ ಹಣ್ಣು ನಾಲ್ಕು ಜನರ ಕೈದಾಟಿ ಶಾಲೆಯ ಮಾಡಿಗೆ ಒಂದು ಸಾಲು ಹಂಚನ್ನು ಗಳಿಸಿಕೊಟ್ಟಿರುತ್ತದೆ.

ಆದರೂ ಹಿಡಿ ಅಕ್ಕಿಯಿಂದಾಗಲಿ, ಹಲಸಿನಹಣ್ಣಿನಿಂದಾಗಲಿ ಉಪಾಧ್ಯಾಯರ ಸಂಬಳ ಹುಟ್ಟಲಾರದು. ಜಗತ್ತಿನಾದ್ಯಂತ ಕಥೋಲಿಕ ಪ್ರಾಥಮಿಕ ಶಾಲೆಗಳು ಅಷ್ಟು ಅಗ್ಗವಾಗಿ ನಡೆದುದರ ನಿಜವಾದ ಗುಟ್ಟು ಯಾವ ರಸೀದಿಯಲ್ಲಿಯೂ ಕಾಣಿಸದು. ಅದು ಕನ್ಯಾಸ್ತ್ರೀಯರ ಸಂಬಳವಿಲ್ಲದ ದುಡಿಮೆ. ಆಸ್ಟ್ರೇಲಿಯದ ಪೆನೋಲ ಎಂಬ ಹಳ್ಳಿಯಲ್ಲಿ 1866ರಲ್ಲಿ ಮೇರಿ ಮ್ಯಾಕಿಲಪ್ ಅವರು ಆರಂಭಿಸಿದ ಸಂತ ಜೋಸೆಫರ ಭಗಿನಿಯರ ಸಭೆಯು ಕೊಡಬಲ್ಲವರಿಂದ ಕೆಲವು ಪೆನ್ನಿಗಳನ್ನು ಪಡೆದು, ಕೊಡಲಾರದವರನ್ನು ಕೇಳದೆ, ಸಾಲದೆ ಬಂದುದಕ್ಕೆ ತಾವೇ ಭಿಕ್ಷೆಯೆತ್ತಿ ಕಾಡುಮೇಡಿನ ಕೂಲಿಗಳ ಮಕ್ಕಳಿಗೆ ಅಕ್ಷರ ಕಲಿಸಿತು. 1870ರಲ್ಲಿ ಮಂಗಳೂರಿಗೆ ಬಂದಿಳಿದ ಅಪೋಸ್ತಲಿಕ ಕಾರ್ಮೆಲ್ ಸಭೆಯವರೂ, 1921ರಲ್ಲಿ ಬೆಂದೂರಿನಲ್ಲಿ ರೇಮಂಡ್ ಮಸ್ಕರೇನ್ಹಸ್ ಎಂಬ ಧರ್ಮಗುರುಗಳು ಸ್ಥಳೀಯ ಯುವತಿಯರನ್ನು ಕೂಡಿಸಿ ಕಟ್ಟಿದ ಬೆಥನಿ ಸಭೆಯವರೂ ಕರಾವಳಿಯ ಹಳ್ಳಿಹಳ್ಳಿಗಳಲ್ಲಿ ಮಾಡಿದ್ದು ಇದನ್ನೇ. ಅಮೆರಿಕದಲ್ಲಿಯಾದರೋ 1884ರ ಬಾಲ್ಟಿಮೋರ್ ಮಹಾಸಭೆಯು ಎರಡು ವರ್ಷಗಳೊಳಗಾಗಿ ಪ್ರತಿ ದೇವಾಲಯದ ಬಳಿ ಶಾಲೆಯಿರತಕ್ಕದ್ದೆಂದು ವಿಧಿಸಿದಾಗ, ಆ ಆಜ್ಞೆಯನ್ನು ನೆರವೇರಿಸಿದವರು ಐರ್ಲೆಂಡ್, ಜರ್ಮನಿ, ಪೋಲೆಂಡ್ ಮೊದಲಾದ ದೇಶಗಳಿಂದ ಬಂದ ವಲಸೆಗಾರರ ಕಾಣಿಕೆಗಿಂತಲೂ ಮಿಗಿಲಾಗಿ ಅವರದೇ ಮನೆಯ ಹೆಣ್ಣುಮಕ್ಕಳು. 1950ರಲ್ಲಿ ಅಲ್ಲಿನ ಕಥೋಲಿಕ ಶಾಲೆಗಳ ಬೋಧಕರಲ್ಲಿ ನೂರಕ್ಕೆ ಸುಮಾರು 90 ಮಂದಿ ಸಂನ್ಯಾಸವ್ರತವುಳ್ಳವರಾಗಿದ್ದರು. ಇಂದು ನೂರಕ್ಕೆ ಮೂವರೂ ಇಲ್ಲ. 1960ರ ದಶಕದ ನಡುವೆ ಸುಮಾರು 52 ಲಕ್ಷ ಮಕ್ಕಳಿದ್ದ ಅಲ್ಲಿನ ಕಥೋಲಿಕ ಶಾಲೆಗಳಲ್ಲಿ ಇಂದು ಉಳಿದವರು ಸುಮಾರು 17 ಲಕ್ಷ. ಈ ಎರಡನೆಯ ಇಳಿತಕ್ಕೆ ಬೇರೆ ಕಾರಣಗಳೂ ಉಂಟಾದರೂ, ಸಂಬಳ ಕೇಳದವರ ಸ್ಥಾನದಲ್ಲಿ ಸಂಸಾರವಂದಿಗರಾದ ಉಪಾಧ್ಯಾಯರು ಬಂದು ನಿಂತ ದಿನವೇ ಶುಲ್ಕದ ಏರಿಕೆ ಅನಿವಾರ್ಯವಾಯಿತೆಂಬುದರಲ್ಲಿ ಸಂದೇಹವಿಲ್ಲ.

ಸರಕಾರವು ಈ ಲೆಕ್ಕವನ್ನು ಬಹುಕಾಲ ನೋಡಿಯೂ ನೋಡದಂತಿದ್ದ ದೇಶಗಳಲ್ಲಿ ಆಸ್ಟ್ರೇಲಿಯವೊಂದು. 1872ರಲ್ಲಿ ವಿಕ್ಟೋರಿಯವೂ 1880ರಲ್ಲಿ ನ್ಯೂ ಸೌತ್ ವೇಲ್ಸ್ ಪ್ರಾಂತವೂ ಮಾಡಿದ ಕಾಯಿದೆಗಳ ಫಲವಾಗಿ ಅಲ್ಲಿನ ಧಾರ್ಮಿಕ ಶಾಲೆಗಳು ರಾಜ್ಯದ ನೆರವನ್ನು ಕಳೆದುಕೊಂಡು ಸುಮಾರು 80 ವರ್ಷಗಳ ಕಾಲ ಕನ್ಯಾಸ್ತ್ರೀಯರ ಬೆನ್ನಿನ ಮೇಲೆಯೇ ನಡೆದವು. ಆ ಮೌನ ಮುರಿದದ್ದು ಒಂದು ಶೌಚಾಲಯದ ನಿಮಿತ್ತದಿಂದ. 1962ರಲ್ಲಿ ಗೌಲ್ಬರ್ನ್ ಎಂಬ ಊರಿನ ಕಥೋಲಿಕ ಪ್ರಾಥಮಿಕ ಶಾಲೆಯೊಂದಕ್ಕೆ, ಮಕ್ಕಳ ಸಂಖ್ಯೆಗೆ ತಕ್ಕಷ್ಟು ಶೌಚಗೃಹಗಳಿಲ್ಲ, ಇನ್ನೂ ಮೂರನ್ನು ಕಟ್ಟಿಸತಕ್ಕದ್ದೆಂದು ಆರೋಗ್ಯಾಧಿಕಾರಿಗಳು ಅಪ್ಪಣೆಯಿತ್ತರು. ಕಟ್ಟಿಸಲು ಹಣವಿಲ್ಲ, ಹಣ ಕೇಳಿದರೆ ಧಾರ್ಮಿಕ ಶಾಲೆಗೆ ಸರಕಾರ ಕೊಡದು, ಕಟ್ಟಿಸದಿದ್ದರೆ ಮಾನ್ಯತೆ ಉಳಿಯದು. ಆಗ ಊರಿನ ತಂದೆತಾಯಿಗಳು ಸಭೆ ಸೇರಿ, ಸಹಾಯಕ ಧರ್ಮಾಧ್ಯಕ್ಷರ ಸಮ್ಮತಿಯೊಡನೆ, ನಗರದ ಕಥೋಲಿಕ ಶಾಲೆಗಳನ್ನೆಲ್ಲ ಮುಚ್ಚಿ ಮಕ್ಕಳನ್ನು ಸರಕಾರಿ ಶಾಲೆಗಳಿಗೇ ಸೇರಿಸುವುದೆಂದು ನಿಶ್ಚಯಿಸಿದರು. ಜುಲೈ 16ರ ಬೆಳಿಗ್ಗೆ ಸಮವಸ್ತ್ರ ತೊಟ್ಟ ಮಕ್ಕಳು ಸರಕಾರಿ ಶಾಲೆಗಳ ಬಾಗಿಲಲ್ಲಿ ಸಾಲಾಗಿ ನಿಂತಾಗ, ಸುಮಾರು 640 ಮಕ್ಕಳಿಗಷ್ಟೇ ಅಲ್ಲಿ ಸ್ಥಳ ಸಿಕ್ಕಿತು. ಒಂದೇ ವಾರದಲ್ಲಿ ಮುಷ್ಕರ ಮುಗಿದು ಮಕ್ಕಳು ತಂತಮ್ಮ ಶಾಲೆಗೆ ಹಿಂದಿರುಗಿದರೂ, ಈ ಶಾಲೆಗಳು ಬಾಗಿಲು ಹಾಕಿದರೆ ಖಜಾನೆಗೆ ಬೀಳುವ ಹೊರೆಯೆಷ್ಟೆಂಬುದು ರಾಜಕಾರಣಿಗಳಿಗೆ ಕಣ್ಣಿಗೆ ಕಟ್ಟಿದಂತಾಯಿತು. ಮರುವರ್ಷವೇ ಪ್ರಧಾನಿ ಮೆಂಜೀಸ್ ಎಲ್ಲ ಪ್ರೌಢಶಾಲೆಗಳಿಗೂ ವಿಜ್ಞಾನ ಕೊಠಡಿಗಳಿಗಾಗಿ ಧನಸಹಾಯದ ವಾಗ್ದಾನ ಮಾಡಿದರು. 1981ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯವು ಇಂತಹ ನೆರವು ಸಂವಿಧಾನಬಾಹಿರವಲ್ಲವೆಂದು ಆರಕ್ಕೊಂದು ಮತದಿಂದ ತೀರ್ಪಿತ್ತಿತು. ಇತ್ತೀಚೆಗೆ, 2020ರಿಂದೀಚೆಗೆ, ಒಂದು ಶಾಲೆಯ ಪೋಷಕರು ಎಷ್ಟು ಕೊಡಬಲ್ಲರೆಂಬುದನ್ನು ಅವರು ವಾಸಿಸುವ ಬಡಾವಣೆಯ ಸ್ಥಿತಿಯಿಂದ ಊಹಿಸುವ ಬದಲು ಅವರವರ ಆದಾಯದ ದಾಖಲೆಗಳಿಂದಲೇ ನೇರವಾಗಿ ಅಳೆದು ಸರಕಾರವು ತನ್ನ ಪಾಲನ್ನು ಗೊತ್ತುಪಡಿಸುತ್ತಿದೆ.

ಉಪಾಧ್ಯಾಯರ ಸಂಬಳವನ್ನು ರಾಜ್ಯವೇ ವಹಿಸಿಕೊಂಡ ದೇಶಗಳಲ್ಲಿ ಕುಟುಂಬದ ಪಾಲಿಗೆ ಉಳಿಯುವುದು ಕಟ್ಟಡ ಮತ್ತು ಧರ್ಮಬೋಧೆಯ ವೆಚ್ಚ. 1959ರ ಡಿಸೆಂಬರ್ 31ರ ಡೆಬ್ರೆ ಕಾಯಿದೆಯು ಫ್ರಾನ್ಸಿನಲ್ಲಿ ಮಾಡಿದ ಏರ್ಪಾಡು ಇದು. ಅಲ್ಲಿ ಅನೇಕ ಶಾಲೆಗಳು ಈ ವಂತಿಗೆಯನ್ನು ಸಂಸಾರದ ಆದಾಯ ಮತ್ತು ಮಕ್ಕಳ ಸಂಖ್ಯೆಗಳಿಗೆ ಅನುಸಾರವಾಗಿ ಮೆಟ್ಟಿಲು ಮೆಟ್ಟಿಲಾಗಿ ವಿಧಿಸುತ್ತವೆ. ಇಂಗ್ಲೆಂಡಿನಲ್ಲಿ 1944ರ ಕಾಯಿದೆಯನ್ವಯ ಶಾಲೆಯ ಆಡಳಿತವು ಕಟ್ಟಡವೆಚ್ಚದ ಅರ್ಧವನ್ನು ಹೊರಬೇಕಾಗಿದ್ದುದು ಕ್ರಮೇಣ ಇಳಿದು ಇಂದು ಹತ್ತನೆಯ ಒಂದಂಶಕ್ಕೆ ಬಂದಿದೆ. ನ್ಯೂಜಿಲೆಂಡಿನವರು 1975ರ ಕಾಯಿದೆಯಿಂದ ಕಥೋಲಿಕ ಶಾಲೆಗಳನ್ನು ಸರಕಾರಿ ವ್ಯವಸ್ಥೆಯೊಳಗೆ ಸೇರಿಸಿಕೊಂಡಾಗ, ಭೂಮಿ ಕಟ್ಟಡಗಳಿಗಾಗಿ ಪ್ರತಿ ಮಗುವಿನ ಮೇಲೂ ಕಡ್ಡಾಯವಾದ ಶುಲ್ಕವೊಂದನ್ನು ಕಾಯಿದೆಯ ಪ್ರಕಾರವೇ ಗೊತ್ತುಪಡಿಸಿ, ಮಿಕ್ಕಿದ್ದನ್ನೆಲ್ಲ ದಾನವೆಂದು ಬೇರೆಯಾಗಿಯೇ ಇಟ್ಟರು. ಇದು ನನಗೆ ಮೆಚ್ಚುಗೆಯಾದ ಪದ್ಧತಿ. ಐರ್ಲೆಂಡಿನಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ನೂರಕ್ಕೆ ಸುಮಾರು 90 ಕಥೋಲಿಕ ಆಡಳಿತದಲ್ಲಿದ್ದು, ವಿದ್ಯೆ ಉಚಿತವೆಂದು ಕಾನೂನು ಸಾರುತ್ತದೆ, 2023ರಿಂದ ಪುಸ್ತಕಗಳೂ ಉಚಿತವಾಗಿವೆ. ಆದರೂ ಸರಕಾರದ ತಲೆಯೆಣಿಕೆಯ ಸಹಾಯಧನವು ದೀಪಕ್ಕೂ ಚಳಿಗಾಲದ ಉರುವಲಿಗೂ ಸಾಲದೆ, ಸ್ವಯಂಪ್ರೇರಿತ ವಂತಿಗೆಯನ್ನು ಕೋರಿ ಮನೆಮನೆಗೆ ಪತ್ರ ಹೋಗುತ್ತದೆ. ಪತ್ರಕ್ಕೆ ಉತ್ತರ ಬಾರದಿದ್ದರೆ ನೆನಪೋಲೆಯೂ ಹೋಗುವುದಾದರೆ, ಅದರಲ್ಲಿ ಸ್ವಯಂಪ್ರೇರಣೆ ಉಳಿದದ್ದು ಎಲ್ಲಿ? ಬಹಿರಂಗವಾಗಿ ಘೋಷಿಸಿ, ರಿಯಾಯಿತಿಯ ನಿಯಮವನ್ನೂ ಅದರ ಪಕ್ಕದಲ್ಲಿಯೇ ಮುದ್ರಿಸಿದ ಶುಲ್ಕಕ್ಕಿಂತ, ಕೊಡದಿದ್ದರೂ ನಡೆದೀತೆಂದು ಹೇಳಿ ಕೊಡುವವರೆಗೂ ಬಿಡದ ದಾನವು ಬಡವನನ್ನು ಹೆಚ್ಚು ನೋಯಿಸುತ್ತದೆ.

ರಾಜ್ಯದ ಸಂಬಳ ದೊರೆಯದ ಅಮೆರಿಕದಲ್ಲಿ, 1971ರ ಲೆಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಧಾರ್ಮಿಕ ಶಾಲೆಗಳ ಉಪಾಧ್ಯಾಯರಿಗೆ ವೇತನ ಪೂರೈಸುವ ಯೋಜನೆಗಳನ್ನು ತಳ್ಳಿಹಾಕಿದ ಮೇಲೆ, ಶುಲ್ಕವೇ ಶಾಲೆಗಳ ಮುಖ್ಯ ಆಧಾರವಾಯಿತು. ಸ್ವಂತ ಧರ್ಮಕೇಂದ್ರದವರಿಗೊಂದು ದರ, ಹೊರಗಿನವರಿಗೊಂದು ದರ, ಎರಡನೆಯ ಮಗುವಿಗೆ ಇಳಿಕೆ, ಸಾಲದ್ದಕ್ಕೆ ಉಪವಾಸಕಾಲದ ಶುಕ್ರವಾರಗಳ ಮೀನೂಟ. ಇದರ ನಡುವೆ ಕ್ಯಾನ್ಸಸ್ ರಾಜ್ಯದ ವಿಚಿಟ ಧರ್ಮಪ್ರಾಂತ್ಯದವರು ಮಾತ್ರ ಹಲವು ದಶಕಗಳಿಂದ ಬೇರೆ ದಾರಿ ಹಿಡಿದಿದ್ದಾರೆ. ಅಲ್ಲಿ ಧರ್ಮಕೇಂದ್ರದ ಕುಟುಂಬಗಳು, ಮಕ್ಕಳಿರಲಿ ಇಲ್ಲದಿರಲಿ, ತಮ್ಮ ಆದಾಯದ ಒಂದಂಶವನ್ನೂ ಸೇವೆಯನ್ನೂ ದೇವಾಲಯಕ್ಕೆ ಅರ್ಪಿಸುತ್ತವೆ. ಹಾಗೆ ಪಾಲ್ಗೊಂಡ ಕುಟುಂಬದ ಮಕ್ಕಳಿಗೆ ಕಥೋಲಿಕ ಶಾಲೆಯಲ್ಲಿ ಬೋಧನಾಶುಲ್ಕವೇ ಇಲ್ಲ. ಪಿಡಿಯರಿಯ ತತ್ತ್ವವು ಏಳು ಸಮುದ್ರದಾಚೆ ಡಾಲರಿನ ರೂಪದಲ್ಲಿ ಬದುಕಿರುವುದನ್ನು ಕಂಡು ಸಂತೋಷವೆನಿಸುತ್ತದೆ. ನಿಷ್ಠಾವಂತರು ಕಥೋಲಿಕ ಶಾಲೆಗಳ ಸ್ಥಾಪನೆಗೂ ಪೋಷಣೆಗೂ ಶಕ್ತ್ಯನುಸಾರ ನೆರವಾಗಬೇಕೆಂದು ಧರ್ಮಸಭೆಯ 1983ರ ಕಾನೂನು ಸಂಹಿತೆಯ 800ನೆಯ ನಿಯಮವು ಹೇಳುವಾಗ, ಅದು ನಿಷ್ಠಾವಂತರೆಂದಿದೆಯೇ ಹೊರತು ಕೇವಲ ಪೋಷಕರೆಂದಿಲ್ಲ.

ಭಾರತದ ಕಾನೂನಿನಲ್ಲಿ ಈ ಪ್ರಶ್ನೆಯು ಅತ್ಯಂತ ಸ್ಪಷ್ಟವಾಗಿ ಚರ್ಚೆಗೆ ಬಂದುದು 1958ರಲ್ಲಿ. ಕೇರಳದ ಶಿಕ್ಷಣ ಮಸೂದೆಯ 20ನೆಯ ಖಂಡವು ಪ್ರಾಥಮಿಕ ತರಗತಿಗಳಲ್ಲಿ ಬೋಧನಾಶುಲ್ಕವನ್ನು ನಿಷೇಧಿಸಿತ್ತು. ರಾಷ್ಟ್ರಪತಿಗಳು ಅಭಿಪ್ರಾಯ ಕೋರಿದಾಗ, ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸ್ ಅವರ ನೇತೃತ್ವದ ಪೀಠವು, ಅನುದಾನವಿಲ್ಲದೆ ಕೇವಲ ಮಾನ್ಯತೆ ಪಡೆದ ಅಲ್ಪಸಂಖ್ಯಾತ ಶಾಲೆಗಳಿಗೆ ಶುಲ್ಕವನ್ನು ತಪ್ಪಿಸಿ, ಆ ನಷ್ಟವನ್ನು ತುಂಬಿಕೊಡದಿದ್ದರೆ ಅವು ನಡೆಯುವುದು ಅಸಾಧ್ಯವಾಗಿ, ಸಂವಿಧಾನದ 30ನೆಯ ಅನುಚ್ಛೇದವು ಕೊಟ್ಟ ಹಕ್ಕು ಬರಿಯ ಕಾಗದದ ಹಕ್ಕಾಗುವುದೆಂದು ಕಂಡುಕೊಂಡಿತು. ಉಚಿತವಾಗಿಸಬೇಕೆಂಬುವನು ಅದರ ಬೆಲೆಯನ್ನೂ ತೆರಬೇಕೆಂಬ ಈ ಸರಳ ನ್ಯಾಯವನ್ನು ಯಾರು ತಾನೆ ಆಕ್ಷೇಪಿಸಿಯಾರು? ಆದರೆ ಮುಂದೆ 2014ರ ಪ್ರಮತಿ ತೀರ್ಪಿನಲ್ಲಿ, ಅಲ್ಪಸಂಖ್ಯಾತ ಶಾಲೆಗಳಿಗೆ, ಅವು ಅನುದಾನಿತವಾಗಿರಲಿ ಇಲ್ಲದಿರಲಿ, 2009ರ ಶಿಕ್ಷಣ ಹಕ್ಕಿನ ಕಾಯಿದೆಯೇ ಅನ್ವಯಿಸದೆಂದು ಆದಾಗ, ಹಕ್ಕಿನ ಜೊತೆಗೆ ಒಂದು ಹೊಣೆಯೂ ಶಾಲೆಗಳ ಹೆಗಲಿನಿಂದ ಇಳಿಯಿತು. ಇತರ ಖಾಸಗಿ ಶಾಲೆಗಳಲ್ಲಿ ನೂರಕ್ಕೆ 25 ಬಡ ಮಕ್ಕಳ ಶುಲ್ಕವನ್ನು ಸರಕಾರ ತೆರುವ ಏರ್ಪಾಡು ಇವಕ್ಕಿಲ್ಲ. ಬಡ ಮಗುವನ್ನು ಸೇರಿಸಿಕೊಳ್ಳುವುದು ಬಿಡುವುದು ಆಡಳಿತದ ಅಂತಃಕರಣಕ್ಕೆ ಬಿಟ್ಟದ್ದಾಯಿತು. ಅಂತಃಕರಣವು ಎಲ್ಲ ಕಡೆಯೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ.

ಇನ್ನು ನಮ್ಮ ಕರಾವಳಿಯ ಅನುದಾನಿತ ಇಗರ್ಜಿ ಶಾಲೆಗಳ ಇಂದಿನ ಸ್ಥಿತಿಯನ್ನು ನೋಡೋಣ. ಹೆಸರಿಗೆ ಅನುದಾನಿತ, ಪಠ್ಯಪುಸ್ತಕವೂ ಬಿಸಿಯೂಟವೂ ಸರಕಾರದಿಂದ ಬರುತ್ತವೆ. ಆದರೆ ನಿವೃತ್ತರಾದ ಶಿಕ್ಷಕರ ಸ್ಥಾನಗಳು ವರ್ಷಗಟ್ಟಲೆ ತುಂಬದೆ ಉಳಿದು, ಏಳು ತರಗತಿಗಳಿಗೆ ಸರಕಾರದ ಸಂಬಳ ಪಡೆಯುವವರು ಇಬ್ಬರೋ ಮೂವರೋ ಆಗಿರುವುದು ಅಪರೂಪವಲ್ಲ. ಮಿಕ್ಕವರು ಗೌರವ ಶಿಕ್ಷಕಿಯರು. ಅವರಿಗೆ ಸಲ್ಲುವುದರಲ್ಲಿ ಗೌರವವೇ ಹೆಚ್ಚು. ಅವರ ಅಲ್ಪ ಸಂಭಾವನೆಯನ್ನು ಸಂಚಾಲಕರಾದ ಧರ್ಮಗುರುಗಳು ಹಳೆ ವಿದ್ಯಾರ್ಥಿಗಳಿಂದಲೋ, ಕೊಲ್ಲಿ ರಾಷ್ಟ್ರದಲ್ಲಿರುವ ಊರವರಿಂದಲೋ, ಕೊನೆಗೆ ಪೋಷಕರಿಂದಲೋ ಕೂಡಿಸಬೇಕು. ಇಂತಹ ಶಾಲೆಯೊಂದರ ರಸೀದಿ ಪುಸ್ತಕವನ್ನು ನಾನು ತಿರುವಿ ನೋಡಿದ್ದುಂಟು. ಬೋಧನಾಶುಲ್ಕವೆಂಬ ಅಂಕಣ ಖಾಲಿ. ಅದರ ಕೆಳಗೆ ಅಭಿವೃದ್ಧಿ ನಿಧಿ, ಕಂಪ್ಯೂಟರ್, ಕ್ರೀಡೆ, ಡೈರಿ, ಗುರುತಿನ ಚೀಟಿ, ಶಾಲಾ ವಾರ್ಷಿಕೋತ್ಸವ ಎಂದು ಇಳಿಯುತ್ತ ಹೋಗುವ ಸಾಲುಗಳು. ಒಂದೇ ಹೆಸರಿನ ಎದುರು ಜೂನ್, ಆಗಸ್ಟ್, ದೀಪಾವಳಿಯ ಬಳಿಕ ಎಂದು ಮೂರು ಕಂತುಗಳ ನಮೂದು. ಕೆಲವು ಹೆಸರುಗಳ ಬದಿಯಲ್ಲಿ ಪೆನ್ಸಿಲಿನಿಂದ ಬರೆದ ‘ಫಾ.’ ಎಂಬ ಒಂದಕ್ಷರ, ಎಂದರೆ ಫಾದರ್ ಹೇಳಿದ್ದಾರೆ, ಕೇಳಬೇಡಿ. ಆ ಪೆನ್ಸಿಲ್ ಗುರುತು ಬಹುಮಂದಿ ಮಕ್ಕಳನ್ನು ಶಾಲೆಯಲ್ಲಿ ಉಳಿಸಿರುವುದು ನಿಜ; ಆದರೆ ಅದನ್ನು ಪಡೆಯಲು ತಾಯಿಯೊಬ್ಬಳು ಕೈಕಟ್ಟಿ ಕಚೇರಿಯಲ್ಲಿ ನಿಂತು ತನ್ನ ಸಂಸಾರದ ಕಷ್ಟವನ್ನು ಪರರ ಮುಂದೆ ಬಿಚ್ಚಿಡಬೇಕಾಗಿ ಬಂದಿತ್ತೆಂಬುದೂ ನಿಜವೇ.

ಇಲ್ಲಿ ಮತ್ತೊಂದು ತೊಡಕೂ ಇದೆ. ಕಥೋಲಿಕ ಮನೆಗಳ ಮಕ್ಕಳು ಬಹುಮಟ್ಟಿಗೆ ಇಂಗ್ಲಿಷ್ ಮಾಧ್ಯಮದ ಶಾಲೆಗಳಿಗೆ ನಡೆದುಬಿಟ್ಟಿದ್ದಾರೆ. ಮಂಗಳೂರಿನ ಸುತ್ತಣ ಹಳೆಯ ಕನ್ನಡ ಶಾಲೆಗಳ ಬೆಂಚುಗಳಲ್ಲಿ ಕುಳಿತವರಲ್ಲಿ ಬಾಗಲಕೋಟೆ, ಕೊಪ್ಪಳ, ವಿಜಯಪುರಗಳಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಬಹಳ. ನಮ್ಮ ಮಕ್ಕಳೇ ಇಲ್ಲದ ಶಾಲೆಗೆ ನಾವು ಏಕೆ ಕೊಡಬೇಕು ಎಂದು ಧರ್ಮಕೇಂದ್ರದ ಸಭೆಯಲ್ಲಿ ಯಾರಾದರೂ ಎದ್ದು ಕೇಳುವುದು ಈಗ ಅಪೂರ್ವವಲ್ಲ. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯು ಶಿಕ್ಷಣವನ್ನು ಕುರಿತು ಹೊರಡಿಸಿದ ಘೋಷಣೆಯು, ಬಡವರ, ಕುಟುಂಬದ ಆಸರೆಯಿಲ್ಲದವರ, ಅನ್ಯಧರ್ಮೀಯರ ಅಗತ್ಯಗಳಿಗೇ ಈ ಶಾಲೆಗಳು ವಿಶೇಷವಾಗಿ ಗಮನ ಕೊಡಬೇಕೆಂದು ಹೇಳಿರುವುದರಿಂದ, ಶಾಸ್ತ್ರದ ಮಟ್ಟಿಗೆ ಆ ಪ್ರಶ್ನೆಗೆ ಉತ್ತರ ಸಿದ್ಧವಾಗಿಯೇ ಇದೆ. ಆದರೆ ಶಾಸ್ತ್ರವು ಸಂಬಳ ಕೊಡದು. ಸರಕಾರದ ಸಂಬಳ ಪಡೆಯುವ ಕನ್ಯಾಸ್ತ್ರೀಯೊಬ್ಬರು ಶಾಲೆಯಲ್ಲಿದ್ದರೆ ಆ ಹಣವು ಅವರ ಸಭೆಗೆ ಸೇರಿ ಅಲ್ಲಿಂದ ಬಡ ಶಾಲೆಗಳಿಗೂ ಒಂದಿಷ್ಟು ಹರಿದು ಬರುವುದುಂಟು. ಬಡತನದ ವ್ರತ ತೊಟ್ಟು ಸಂಬಳವನ್ನು ತಾವು ಮುಟ್ಟದವರಾದರೂ ಅದರಲ್ಲಿ ಆದಾಯ ತೆರಿಗೆಯನ್ನು ಮೂಲದಲ್ಲಿಯೇ ಮುರಿದುಕೊಳ್ಳತಕ್ಕದ್ದೆಂದು 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿದೆ. ಕಾನೂನಿನ ದೃಷ್ಟಿಯಿಂದ ಅದು ಸರಿಯಾದುದೇ ಇರಬಹುದು. ಆ ಹರಿವು ಮಾತ್ರ ಅಷ್ಟರಮಟ್ಟಿಗೆ ತೆಳುವಾಯಿತು. ಹೊಸದಾಗಿ ಕನ್ಯಾಮಠ ಸೇರುವ ಹೆಣ್ಣುಮಕ್ಕಳ ಸಂಖ್ಯೆಯೂ ಕರಾವಳಿಯಲ್ಲಿ ಹಿಂದಿನಂತಿಲ್ಲ.

ಆದುದರಿಂದ ಶುಲ್ಕವನ್ನು ಏರಿಸಬೇಕೋ ಇಳಿಸಬೇಕೋ ಎಂದು ಪ್ರತಿ ಜೂನಿನಲ್ಲಿಯೂ ನಡೆಯುವ ಚರ್ಚೆಯು ನನಗೆ ಅರ್ಧ ಚರ್ಚೆಯಾಗಿ ತೋರುತ್ತದೆ. ಶಿಕ್ಷಕ-ರಕ್ಷಕ ಸಂಘದ ಸಭೆಗೆ ಕರೆಯಲ್ಪಡುವವರು ಆ ವರ್ಷ ಮಕ್ಕಳನ್ನು ಕಳುಹಿಸುವವರು ಮಾತ್ರ. ಅದೇ ಶಾಲೆಯಲ್ಲಿ ಒಂದಾಣೆ ಶುಲ್ಕಕ್ಕೆ ಓದಿ, ಕನ್ಯಾಸ್ತ್ರೀಯರ ಕೈಯಲ್ಲಿ ಕಾಗುಣಿತ ಕಲಿತು, ಇಂದು ದೊಡ್ಡ ಮನೆ ಕಟ್ಟಿಕೊಂಡು ಕುಳಿತ ಅಜ್ಜಂದಿರಿಗೆ ಆ ಸಭೆಯ ಆಮಂತ್ರಣವಿಲ್ಲ. ಗೌರವ ಶಿಕ್ಷಕಿಯೊಬ್ಬರ ವರ್ಷದ ಸಂಭಾವನೆ ಎಷ್ಟು, ಅದರಲ್ಲಿ ಪೋಷಕರಿಂದ ಬಂದುದೆಷ್ಟು, ಇಗರ್ಜಿಯ ನಿಧಿಯಿಂದ ಬಂದುದೆಷ್ಟು ಎಂಬ ಲೆಕ್ಕವನ್ನು ಧರ್ಮಕೇಂದ್ರದ ಪಾಲನಾ ಪರಿಷತ್ತಿನಲ್ಲಿ ಓದಿ ಹೇಳುವ ವಾಡಿಕೆಯನ್ನು ಮೊದಲು ತರಬೇಕು. ವಿನಾಯಿತಿಯ ನಿಯಮವನ್ನು ಪೆನ್ಸಿಲಿನಿಂದ ತೆಗೆದು ಪ್ರವೇಶಪತ್ರದ ಹಿಂಬದಿಗೆ ಮುದ್ರಿಸಬೇಕು. ಒಂದೇ ಆಡಳಿತದ ಆವರಣದೊಳಗೆ ಇಂಗ್ಲಿಷ್ ಶಾಲೆಯು ತುಂಬಿ ತುಳುಕುತ್ತ ಕನ್ನಡ ಶಾಲೆಯು ಒಣಗುತ್ತಿರುವಲ್ಲಿ, ಮೊದಲನೆಯದರ ಉಳಿತಾಯದಿಂದ ಎರಡನೆಯದರ ಎಷ್ಟು ಶಿಕ್ಷಕಿಯರನ್ನು ಸಾಕಬಹುದೆಂಬುದನ್ನೂ ಅದೇ ಸಭೆಯಲ್ಲಿ ಕೂಡಿಸಿ ನೋಡಬಹುದು. ಈ ಲೆಕ್ಕಕ್ಕೆ ಸರಕಾರದ ಅಪ್ಪಣೆಗಾಗಲಿ, ನ್ಯಾಯಾಲಯದ ತೀರ್ಪಿಗಾಗಲಿ ಕಾಯಬೇಕಾದದ್ದೇನೂ ಇಲ್ಲ.